ಶಾಲೆಗಳಲ್ಲಿ ಜೀವದಯೆಯ ಶಿಕ್ಷಣ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)

 

ಶಿಲ್ಪಿಯು ಕಡೆದ ಮಾತ್ರಕ್ಕೆ ಶಿಲೆಯು ಪೂಜಾರ್ಹವಾಗುವುದಿಲ್ಲ. ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಎಂಬ ಐದು ಕಲ್ಯಾಣಗಳ ವಿಧಿಯು ಸಾಂಗವಾಗಿ ನೆರವೇರಿದ ಮೇಲೆಯೇ ಅದು ಜಿನಬಿಂಬವೆನಿಸುತ್ತದೆ. ಈ ಮಹತ್ಕಾರ್ಯಕ್ಕೆ ಕೆಲವು ದಿನಗಳು ಸಾಕು. ಆದರೆ ಅದೇ ಬಸದಿಯ ಪ್ರಾಂಗಣದಲ್ಲಿ ಓಡಾಡುವ ಮಗುವಿನ ಹೃದಯದಲ್ಲಿ ದಯೆಯನ್ನು ಪ್ರತಿಷ್ಠಾಪಿಸುವುದಕ್ಕೆ ಹತ್ತು ಹನ್ನೆರಡು ವರ್ಷಗಳೇ ಬೇಕಾಗುತ್ತವೆ. ಆ ವರ್ಷಗಳ ಹಗಲುಗಳನ್ನು ಮಗು ಕಳೆಯುವುದು ಬಸದಿಯಲ್ಲಲ್ಲ, ಶಾಲೆಯಲ್ಲಿ. ಆದುದರಿಂದ ಬಸದಿಯ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಶಾಲೆಯ ವಿಚಾರವನ್ನು ಎತ್ತಿಕೊಳ್ಳುವುದು ಅಪ್ರಸ್ತುತವಲ್ಲ. ಮನುಷ್ಯರಲ್ಲಿ, ಮೂಕಪ್ರಾಣಿಗಳಲ್ಲಿ, ನೆಲ ಜಲ ವನಗಳಲ್ಲಿ ಕರುಣೆಯಿಂದ ವರ್ತಿಸುವುದನ್ನು ಶಾಲೆಯಲ್ಲಿ ಕಲಿಸಬಹುದೇ? ಕಲಿಸಬಹುದಾದರೆ ಹೇಗೆ? ಇದೇ ಇಂದಿನ ವಿಷಯ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1915ರಲ್ಲಿ ನಿಜಾಮರ ಆಳ್ವಿಕೆಯ ಕಾಲದಲ್ಲಿ ಚಿನ್ನದ ಗಣಿಯ ಇಂಜಿನಿಯರನಾದ ಬೀಡನ್ ಎಂಬಾತನು ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮೀ ಅಕ್ಷರಗಳುಳ್ಳ ಬಂಡೆಯೊಂದನ್ನು ಕಂಡನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಇದ್ದವು. ಆ ಬಿರುದಿನ ಅರಸನು ಯಾರೆಂಬುದನ್ನು ವಿದ್ವಾಂಸರು ಇತರ ಗ್ರಂಥಗಳ ನೆರವಿನಿಂದ ಊಹಿಸಿದ್ದರೇ ಹೊರತು ಶಾಸನದ ಸಾಕ್ಷಿಯಿಂದಲ್ಲ. ಮಸ್ಕಿಯ ಬಂಡೆಯಲ್ಲಿ ಮೊದಲ ಬಾರಿಗೆ ಅಶೋಕ ಎಂಬ ಹೆಸರೇ ಸ್ಪಷ್ಟವಾಗಿ ದೊರೆಯಿತು. ಚಿನ್ನದ ಸೀಮೆಯಲ್ಲಿ ಚಿನ್ನಕ್ಕಿಂತ ಬೆಲೆಯುಳ್ಳದ್ದು ದೊರೆತಂತಾಯಿತು.

ಅಶೋಕನು ಬುದ್ಧನ ಉಪಾಸಕನು. ಅವನ ತಾತನಾದ ಚಂದ್ರಗುಪ್ತನು ಭದ್ರಬಾಹು ಮುನಿಗಳೊಡನೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನವನ್ನು ಸ್ವೀಕರಿಸಿದನೆಂಬುದು ಜೈನ ಪರಂಪರೆ. ಮತಭೇದವೇನಿದ್ದರೂ ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬಂಡೆಯ ಅಭಿಪ್ರಾಯ ಮಾತ್ರ ಸರ್ವಮಾನ್ಯವಾದುದು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಲಭಿಸುವುದೆಂದು ಭಾವಿಸಬಾರದು, ಪ್ರಯತ್ನಶೀಲನಾದರೆ ಸಣ್ಣವನಿಗೂ ಅದು ಸಾಧ್ಯ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬುದು ಅಲ್ಲಿಯ ಸಾರ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೊಳಂ ಹಾಗೂ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನಗಳಲ್ಲಿ ಇದರ ಮುಂದಿನ ಭಾಗವೂ ಇದೆ. ತಾಯಿತಂದೆಯರ ಸೇವೆ, ಜೀವಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಶಿಷ್ಯನ ಗೌರವ ಇವುಗಳನ್ನು ಒಂದೇ ಉಸಿರಿನಲ್ಲಿ ಹೇಳಲಾಗಿದೆ. ಜೀವದಯೆಯನ್ನೂ ಗುರುಶಿಷ್ಯ ಸಂಬಂಧವನ್ನೂ ಒಂದೇ ಬಂಡೆಯ ಮೇಲೆ ಕೂಡಿಸಿ ಬರೆಸಿದವನು ದಯೆಯನ್ನು ಕಲಿಸಬಹುದಾದ ವಿದ್ಯೆಯೆಂದೇ ತಿಳಿದಿರಬೇಕು. ಈ ಸೀಮೆಯಲ್ಲಿ ಕರುಣೆಯ ಪಾಠಕ್ಕೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ ಎಂಬುದನ್ನು ಮಸ್ಕಿಯ ಮಕ್ಕಳು ಅಭಿಮಾನದಿಂದ ನೆನೆಯಬೇಕು.

ಆಧುನಿಕ ಕಾಲದಲ್ಲಿಯೂ ಈ ದಿಕ್ಕಿನ ಪ್ರಯತ್ನಗಳು ನಡೆದಿವೆ. 1875ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಥರೀನ್ ಸ್ಮಿದೀಸ್ ಎಂಬ ಮಹಿಳೆಯು ಪ್ರಾಣಿಗಳಿಗೆ ದಯೆ ತೋರುವುದಾಗಿ ಪ್ರತಿಜ್ಞೆ ಮಾಡುವ ಮಕ್ಕಳ ಸಂಘಗಳನ್ನು ಆರಂಭಿಸಿದಳು. 1882ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜಾರ್ಜ್ ಏಂಜೆಲ್ ಎಂಬ ವಕೀಲರು ಅದನ್ನು ಅಲ್ಲಿಯ ಶಾಲೆಗಳಿಗೆ ಹಬ್ಬಿಸಿದರು. ಭಾರತದಲ್ಲಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದಿತು. ಅದಕ್ಕಾಗಿ ಸಂಸತ್ತಿನಲ್ಲಿ ಶ್ರಮಿಸಿದ ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್ ಅವರು 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿಯ ಮೊದಲ ಅಧ್ಯಕ್ಷೆಯಾದರು. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ರಕ್ಷಿಸುವುದೂ ಜೀವಿಗಳಲ್ಲಿ ಅನುಕಂಪವುಳ್ಳವರಾಗಿರುವುದೂ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಾರಿತು. ಪರಿಸರದ ವಿಷಯವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ದೇಶಿಸಿತು. 1995ರಲ್ಲಿ ಚೆನ್ನೈಯಲ್ಲಿ ಆರಂಭವಾದ ಕರುಣಾ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯು ಶಾಲೆಗಳಲ್ಲಿ ಕರುಣಾ ಕ್ಲಬ್ಬುಗಳನ್ನು ಸ್ಥಾಪಿಸುತ್ತ ಬಂದಿದೆ.

ಹೀಗೆ ಬಂಡೆಯ ಆಜ್ಞೆಯೂ ಇದೆ, ಸಂವಿಧಾನದ ಆಜ್ಞೆಯೂ ಇದೆ, ನ್ಯಾಯಾಲಯದ ಆಜ್ಞೆಯೂ ಇದೆ. ಆದರೂ ದಯೆಯು ಪಠ್ಯಪುಸ್ತಕದಲ್ಲಿ ಪ್ರಶ್ನೋತ್ತರವಾಗಿ ಉಳಿದುಬಿಡುವ ಭಯವಿದೆ. ಜೀವದಯೆ ಎಂದರೇನು ಎಂಬ ಪ್ರಶ್ನೆಗೆ ಐದು ಅಂಕದ ಉತ್ತರವನ್ನು ಬರೆದ ವಿದ್ಯಾರ್ಥಿಯೇ ಪರೀಕ್ಷಾ ಕೊಠಡಿಯಿಂದ ಹೊರಬಂದು ಗೇಟಿನ ಬಳಿ ಮಲಗಿದ ನಾಯಿಗೆ ಕಲ್ಲೆಸೆದರೆ ಆ ಅಂಕಗಳಿಗೆ ಏನು ಬೆಲೆ? ದಯೆ ಎಂಬ ಮಾತು ದೊಡ್ಡದು, ಮಗುವಿನ ಕೈ ಸಣ್ಣದು. ಆ ಸಣ್ಣ ಕೈಗೆ ನಿಲುಕುವಂತೆ ದೊಡ್ಡ ಮಾತನ್ನು ಬಿಡಿಸಿ ಕೊಡುವವರು ಬೇಕು.

ಜೈನಾಚಾರ್ಯರು ಇದನ್ನು ಎಂದೋ ಮಾಡಿಟ್ಟಿದ್ದಾರೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೆಸರಿಸಿದ್ದಾರೆ. ಸಮಂತಭದ್ರಾಚಾರ್ಯರ ಶ್ರಾವಕಾಚಾರದಲ್ಲಿಯೂ ಇವೇ ಐದು ಅಲ್ಪ ಪದಭೇದದಿಂದ ಬರುತ್ತವೆ. ಬಂಧ ಎಂದರೆ ಕಟ್ಟಿಹಾಕುವುದು, ವಧ ಎಂದರೆ ಇಲ್ಲಿ ಹೊಡೆಯುವುದು, ಛೇದ ಎಂದರೆ ಅಂಗಗಳನ್ನು ಕತ್ತರಿಸುವುದು, ಅತಿಭಾರಾರೋಪಣ ಎಂದರೆ ಶಕ್ತಿಗೆ ಮೀರಿದ ಭಾರವನ್ನು ಹೊರಿಸುವುದು, ಅನ್ನಪಾನನಿರೋಧ ಎಂದರೆ ಅನ್ನ ನೀರನ್ನು ತಡೆಯುವುದು. ಇಲ್ಲಿ ಗಹನವಾದ ತತ್ತ್ವಚರ್ಚೆಯಿಲ್ಲ. ನಾಲ್ಕನೆಯ ತರಗತಿಯ ಬಾಲಕನು ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಈ ಐದನ್ನೂ ಕಣ್ಣಾರೆ ಕಾಣಬಲ್ಲನು. ಆಶ್ಚರ್ಯವೆಂದರೆ 1960ರ ಕಾಯ್ದೆಯ ಹನ್ನೊಂದನೆಯ ಪ್ರಕರಣದಲ್ಲಿ ಎಣಿಸಿರುವ ಅಪರಾಧಗಳಲ್ಲಿ ಈ ಐದೂ ಸೇರಿವೆ. ಆದ್ದರಿಂದ ಈ ಐದನ್ನು ಶಾಲೆಯಲ್ಲಿ ಬೋಧಿಸಿದರೆ ಒಂದು ಮತದ ಬೋಧನೆಯೆಂಬ ಆಕ್ಷೇಪಕ್ಕೂ ಎಡೆಯಿರುವುದಿಲ್ಲ.

ಮೊದಲನೆಯದು ಬಂಧ. ಮೊಳದುದ್ದದ ಹಗ್ಗದಲ್ಲಿ ಬಿಸಿಲಿಗೆ ಕಟ್ಟಿದ ಕರುವನ್ನು ನೆರಳಿಗೆ ಸರಿಸಿ ಕಟ್ಟುವುದು ಮಗುವಿಗೆ ಸಾಧ್ಯವಾದ ಕೆಲಸ. ಪಂಜರದ ಗಿಳಿಯು ಮನೆಯ ಶೋಭೆಯಲ್ಲವೆಂದೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಡಿನ ಗಿಳಿಗಳನ್ನು ಹಿಡಿದು ಸಾಕುವುದು ಅಪರಾಧವೆಂದೂ ತಿಳಿಸಬೇಕು. ಬಂಧವು ಪ್ರಾಣಿಗಳಿಗಷ್ಟೇ ಇಲ್ಲ. ಸಾಲಕ್ಕೆ ಪ್ರತಿಯಾಗಿ ಮನುಷ್ಯನನ್ನು ದುಡಿಮೆಗೆ ಕಟ್ಟಿಹಾಕುತ್ತಿದ್ದ ಜೀತಪದ್ಧತಿಯನ್ನು 1976ರ ಕಾಯ್ದೆಯು ರದ್ದುಗೊಳಿಸಿತು. ತನ್ನ ವಯಸ್ಸಿನ ಬಾಲಕನೊಬ್ಬನು ಶಾಲೆಗೆ ಬಾರದೆ ಹತ್ತಿಯ ಹೊಲದಲ್ಲೋ ಹೋಟೆಲಿನಲ್ಲೋ ದುಡಿಯುತ್ತಿದ್ದರೆ ಅದೂ ಒಂದು ಬಂಧವೇ ಎಂಬುದನ್ನು ಬೆಂಚಿನ ಮೇಲೆ ಕುಳಿತ ಬಾಲಕನು ಅರಿಯಬೇಕು. ಬೀದಿಯ ಬೇವಿನ ಬುಡಕ್ಕೆ ಒಂದು ಹನಿ ನೀರೂ ಇಳಿಯದಂತೆ ಸಿಮೆಂಟನ್ನು ಬಿಗಿಯುವುದೂ ಬಂಧವೇ.

ಎರಡನೆಯದು ಹೊಡೆತ. ಆದಿನಾಥ ಸ್ವಾಮಿಯ ಪೀಠದ ಮೇಲಿನ ವೃಷಭಲಾಂಛನಕ್ಕೆ ಕೈಮುಗಿದ ಮಗು ಬಸದಿಯ ಹೊರಗೆ ಮೊಳೆ ಬಡಿದ ಕೋಲಿನಿಂದ ತಿವಿಸಿಕೊಳ್ಳುತ್ತಿರುವ ಎತ್ತನ್ನು ನೋಡುತ್ತದೆ. ಎರಡೂ ಒಂದೇ ಜೀವಜಾತಿ ಎಂದು ಹೇಳಿಕೊಡಬೇಕಾದವರು ಯಾರು? ಭಾರವಾಹಕ ಪ್ರಾಣಿಗಳನ್ನು ಕುರಿತ 1965ರ ನಿಯಮಗಳು ಮೊನೆಗೋಲಿನ ಬಳಕೆಯನ್ನು ನಿಷೇಧಿಸಿವೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, 37 ಡಿಗ್ರಿಗೆ ಮೀರಿದ ಬಿಸಿಲಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು ಎಂಬುದೂ ಅವುಗಳಲ್ಲಿದೆ. ರಾಯಚೂರು ಜಿಲ್ಲೆಯ ಬೇಸಿಗೆಯನ್ನು ಬಲ್ಲವರಿಗೆ ಈ ನಿಯಮದ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ಪಾಠವನ್ನು ಹೇಳುವವರ ಕೈಯಲ್ಲಿಯೇ ಬೆತ್ತವಿದ್ದರೆ ಮಗು ಕಲಿಯುವುದು ಬಾಯಿಯ ಪಾಠವನ್ನಲ್ಲ, ಬೆತ್ತದ ಪಾಠವನ್ನು. 2009ರ ಶಿಕ್ಷಣ ಹಕ್ಕು ಕಾಯ್ದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪೆಟ್ಟು ತಿಂದ ಮಗು ತನಗಿಂತ ಸಣ್ಣವನನ್ನು ಹೊಡೆಯುತ್ತದೆ, ಆ ಸಣ್ಣವನು ನಾಯಿಮರಿಯನ್ನು ಹೊಡೆಯುತ್ತಾನೆ. ಈ ಸರಪಳಿಯನ್ನು ಮೊದಲ ಕೊಂಡಿಯಲ್ಲಿಯೇ ಕಡಿಯಬೇಕು.

ಮೂರನೆಯದು ಛೇದ. ಓತಿಕ್ಯಾತನ ಬಾಲವನ್ನು ಕೀಳುವುದು, ಏರೋಪ್ಲೇನ್ ಚಿಟ್ಟೆಗೆ ದಾರ ಕಟ್ಟಿ ಹಾರಿಸುವುದು ಮಕ್ಕಳ ಆಟಗಳು. ಅವುಗಳಲ್ಲಿ ದ್ವೇಷವಿಲ್ಲ, ಅರಿವಿನ ಕೊರತೆಯಿದೆ. ಆ ಕೊರತೆಯನ್ನು ತುಂಬುವುದೇ ಶಿಕ್ಷಣ. ಎರಡು ಇಂದ್ರಿಯದ ಹುಳು, ಮೂರು ಇಂದ್ರಿಯದ ಇರುವೆ, ನಾಲ್ಕು ಇಂದ್ರಿಯದ ಚಿಟ್ಟೆ ಎಂದು ಜೀವಗಳನ್ನು ಎಣಿಸಿ ಕಲಿತ ಮಗುವಿಗೆ ಯಾವ ಜೀವವೂ ಆಟಿಕೆಯಾಗಿ ತೋರದು. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂದು ಮಣ್ಣು ನೀರುಗಳಿಗೂ ಜೀವವನ್ನು ಕಂಡ ಧರ್ಮದ ಮಕ್ಕಳಿಗೆ ಪರಿಸರಪ್ರಜ್ಞೆಯು ಹೊಸ ಪದಾರ್ಥವೂ ಅಲ್ಲ. ಹಾಗಿರುವಾಗ ಉತ್ಸವದ ಬೋರ್ಡುಗಳನ್ನು ಮರಕ್ಕೆ ಮೊಳೆ ಹೊಡೆದು ತೂಗುಹಾಕುವುದು ಯಾವ ಧರ್ಮ? ಪ್ರತಿಷ್ಠೆಯ ಕಾರ್ಯಕರ್ತರು ಇದನ್ನು ಗಮನಿಸಬೇಕು.

ನಾಲ್ಕನೆಯದು ಅತಿಭಾರ. ಇದು ವ್ಯಾಪಾರಿಗಳ ಸಮಾಜಕ್ಕೆ ಬಹು ಹತ್ತಿರದ ವಿಷಯ. ಮಗುವಿನ ಬೆನ್ನಿನಿಂದಲೇ ಆರಂಭಿಸಬಹುದು. ಪುಸ್ತಕದ ಚೀಲದ ತೂಕವು ಮಗುವಿನ ದೇಹತೂಕದ ಶೇಕಡಾ 10ನ್ನು ಮೀರಬಾರದೆಂದು 2020ರ ರಾಷ್ಟ್ರೀಯ ನೀತಿಯು ಹೇಳುತ್ತದೆ. ಅಂಗಡಿಯ ತಕ್ಕಡಿಯಲ್ಲಿ ತನ್ನ ಚೀಲವನ್ನು ತಾನೇ ತೂಗಿ ನೋಡಿದ ಬಾಲಕನಿಗೆ ಗಣಿತವೂ ಬರುತ್ತದೆ, ಭಾರವೆಂದರೇನೆಂಬುದೂ ತಿಳಿಯುತ್ತದೆ. ಬಳಿಕ ಅವನು ಅದೇ ಅಂಗಡಿಯ ಹಮಾಲನ ಬೆನ್ನನ್ನು ನೋಡುತ್ತಾನೆ. ಸಿಂಧನೂರಿನ ಪೇಟೆಯಲ್ಲಿ ಭತ್ತದ ಧಾರಣೆಯನ್ನು 75 ಕಿಲೋ ಚೀಲಕ್ಕೆ ಇಂತಿಷ್ಟೆಂದು ಹೇಳುವುದು ವಾಡಿಕೆ. ವಯಸ್ಕ ಪುರುಷನು ಒಬ್ಬನೇ ಹೊರುವ ಭಾರವು 55 ಕಿಲೋವನ್ನು ಮೀರದಂತೆ ನೋಡಿಕೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಷ್ಟು ಹಿಂದೆಯೇ ಶಿಫಾರಸು ಮಾಡಿದೆ. ಇರುವೆಯ ಮೇಲೆ ಕಾಲಿಡದಂತೆ ನಡೆಯುವ ವ್ಯಾಪಾರಿಯು ಈ ಇಪ್ಪತ್ತು ಕಿಲೋವಿನ ಅಂತರವನ್ನು ಯಾವ ಖಾತೆಗೆ ಹಚ್ಚುತ್ತಾನೆ ಎಂದು ಶಾಲೆಯಲ್ಲಿ ಕಲಿತ ಮಗನು ಕೇಳಿದರೆ ಉತ್ತರವನ್ನು ಸಿದ್ಧಪಡಿಸಿಕೊಂಡಿರಬೇಕಾಗುತ್ತದೆ.

ಭೂಮಿಗೂ ಅತಿಭಾರವಿದೆ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರಿನ ಬರಡು ನೆಲವನ್ನು ಭತ್ತದ ಕಣಜವನ್ನಾಗಿ ಮಾಡಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಬಿಡುವಿಲ್ಲದ ಬೆಳೆ, ಅಳತೆ ಮೀರಿದ ನೀರು ಗೊಬ್ಬರಗಳಿಂದ ಅಚ್ಚುಕಟ್ಟಿನ ಎಷ್ಟೋ ಭೂಮಿ ಜವುಗಾಗಿ ಸವುಳಾಯಿತು. ಎತ್ತು ಕುಸಿದು ಬಿದ್ದರೆ ಕಣ್ಣಿಗೆ ಕಾಣುತ್ತದೆ, ನೆಲ ಕುಸಿದರೆ ಕಾಣುವುದಿಲ್ಲ. ಕಾಣದ ನೋವನ್ನು ಕಾಣಿಸುವುದೇ ವಿಜ್ಞಾನದ ಮೇಷ್ಟರ ಕರ್ತವ್ಯ. ಒಂದು ಹಿಡಿ ಸವುಳು ಮಣ್ಣನ್ನೂ ಒಂದು ಹಿಡಿ ಒಳ್ಳೆಯ ಮಣ್ಣನ್ನೂ ಎರಡು ಕುಂಡಗಳಲ್ಲಿ ಹಾಕಿ ಕಾಳು ಬಿತ್ತಿದರೆ ಅದಕ್ಕಿಂತ ಉತ್ತಮವಾದ ಪಾಠವಿಲ್ಲ.

ಐದನೆಯದು ಅನ್ನಪಾನನಿರೋಧ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲವೆಂದು ತೋರುತ್ತದೆ. ವಾಸ್ತವದಲ್ಲಿ ಈ ಸೀಮೆಯಲ್ಲಿ ಅತಿ ಹೆಚ್ಚಾಗಿ ನಡೆಯುವುದು ಇದೇ. ಯಂತ್ರದಿಂದ ಭತ್ತವನ್ನು ಕೊಯ್ದ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿಯಿಡುವ ಪದ್ಧತಿ ಅಚ್ಚುಕಟ್ಟು ಪ್ರದೇಶದಲ್ಲಿ ಬೆಳೆದಿದೆ. ಒಂದು ಕಡೆ ಸಿಂಧನೂರಿನ ಗದ್ದೆಯಲ್ಲಿ ಮೇವು ಉರಿಯುತ್ತದೆ, ಇನ್ನೊಂದು ಕಡೆ ಬರಗಾಲ ಬಂದಾಗ ಲಿಂಗಸುಗೂರಿನ ಮಳೆಯಾಶ್ರಿತ ಹಳ್ಳಿಗಳಲ್ಲಿ ದನಗಳು ಮೇವಿಲ್ಲದೆ ಸಂತೆಯ ದಾರಿ ಹಿಡಿಯುತ್ತವೆ. ನಡುವಿನ ಅಂತರ ಒಂದು ಲಾರಿಯ ಅರ್ಧ ದಿನದ ಪ್ರಯಾಣ. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದೂ ಕಾರಣವಿಲ್ಲದೆ ಕಾಡಿಗೆ ಬೆಂಕಿಯಿಡಬಾರದೆಂದೂ ವಿಧಿಸಿದ್ದನು. ಆ ಮಾತು ಇಂದು ಸಿಂಧನೂರಿನ ಗದ್ದೆಯ ಬದುವಿನಲ್ಲಿಯೇ ನಿಂತು ಹೇಳಿದಂತಿದೆ. ಹುಲ್ಲಿನೊಡನೆ ಅದರೊಳಗಿನ ಅಸಂಖ್ಯ ತ್ರಸಜೀವಿಗಳು ಸುಡುತ್ತವೆ, ಪಶುಗಳ ಬಾಯಿಯ ತುತ್ತೂ ಸುಡುತ್ತದೆ.

ಪ್ಲಾಸ್ಟಿಕ್ ಚೀಲದಲ್ಲಿ ಉಳಿದ ಅನ್ನವನ್ನು ಗಂಟು ಕಟ್ಟಿ ಬೀದಿಗೆಸೆಯುವುದೂ ಅನ್ನಪಾನನಿರೋಧವೇ. ಗೋವು ಅನ್ನದ ಜೊತೆಗೆ ಚೀಲವನ್ನೂ ನುಂಗುತ್ತದೆ. ಅದು ಹೊಟ್ಟೆಯಲ್ಲಿ ತುಂಬಿಕೊಂಡು ಮುಂದೆ ಮೇವು ಇಳಿಯದಂತಾಗುತ್ತದೆ. ಪುಣ್ಯವೆಂದು ನೀಡಿದ್ದು ಪ್ರಾಣಕ್ಕೆ ಮುಳುವಾಗುತ್ತದೆ. 2016ರಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದರೂ ಅಂಗಡಿಯ ಕೊಕ್ಕೆಯಿಂದ ಅವು ಇನ್ನೂ ಇಳಿದಿಲ್ಲ.

ಮನುಷ್ಯರ ಅನ್ನದ ವಿಚಾರದಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ಅಕ್ಷರ ದಾಸೋಹದ ಬಿಸಿಯೂಟವು 2002ರಲ್ಲಿ ಮೊದಲು ಆರಂಭವಾದದ್ದು ರಾಯಚೂರು ಸೇರಿದಂತೆ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂದಿತು. 2021ರ ಡಿಸೆಂಬರಿನಲ್ಲಿ ರಾಯಚೂರನ್ನೊಳಗೊಂಡ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆಯನ್ನೂ, ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡಲು ಆರಂಭಿಸಿದರು. ಜೈನ ಸಮಾಜಕ್ಕೆ ಇದರಿಂದ ನೋವಾದುದು ಸಹಜ. ಮೊಟ್ಟೆಯು ಶ್ರಾವಕರಿಗೆ ಗ್ರಾಹ್ಯವಲ್ಲ, ಆ ಮಾತಿನಲ್ಲಿ ರಾಜಿಯಿಲ್ಲ. ಆದರೆ ಪಕ್ಕದಲ್ಲಿ ಕುಳಿತು ಊಟ ಮಾಡುವ ಬಡ ಬಾಲಕಿಯನ್ನು ಕಂಡು ಮೂಗು ಮುರಿಯುವಂತೆ ಶ್ರಾವಕರ ಮಗುವಿಗೆ ಕಲಿಸಿದರೆ ಅದು ಅಹಿಂಸೆಯಲ್ಲ, ಕಷಾಯ. ಮಾನಕಷಾಯವೂ ಹಿಂಸೆಯ ಬೀಜವೇ. ಬೇಡವೆಂದು ಹೇಳುವ ಕೈಯು ಬೇರೆ ಏನನ್ನಾದರೂ ಕೊಡಬೇಕು. ಹಾಲು, ಶೇಂಗಾ, ಬೆಲ್ಲ, ಕಾಳುಗಳ ವ್ಯಾಪಾರವೇ ಕೈಯಲ್ಲಿರುವ ಸಮಾಜವು ಊರಿನ ಒಂದು ಸರ್ಕಾರಿ ಶಾಲೆಗಾದರೂ ವರ್ಷವಿಡೀ ಪೌಷ್ಟಿಕವಾದ ಸಾತ್ವಿಕ ತಿನಿಸನ್ನು ಒದಗಿಸಿದರೆ ಅದರ ಮಾತಿಗೆ ತೂಕ ಬರುತ್ತದೆ. ಕೊಡದೆ ತಡೆಯುವುದಷ್ಟೇ ಆದರೆ ಅದು ಐದನೆಯ ಅತಿಚಾರಕ್ಕೆ ಸಮೀಪವಾಗುತ್ತದೆ.

ಸಿಂಧನೂರು ತಾಲೂಕಿನಲ್ಲಿ ಪರರ ಮಕ್ಕಳನ್ನು ತನ್ನವರೆಂದು ಭಾವಿಸಿದ ಉದಾಹರಣೆಯೂ ಇದೆ. 1970ರ ದಶಕದ ಆರಂಭದಲ್ಲಿ ಪೂರ್ವಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಇಲ್ಲಿಯ ಕ್ಯಾಂಪುಗಳಲ್ಲಿ ನೆಲೆ ದೊರೆಯಿತು. ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಕನ್ನಡ ಎಂದು ಅವರ ಮಕ್ಕಳು ಈ ನೆಲದಲ್ಲಿ ಬೆಳೆದರು. ಮಳೆ ಕೈಕೊಟ್ಟ ವರ್ಷ ಇದೇ ಜಿಲ್ಲೆಯ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಅವರ ಮಕ್ಕಳು ಅರ್ಧ ವರ್ಷ ಶಾಲೆ ತಪ್ಪಿಸಿಕೊಂಡು ಹಿಂದಿರುಗುತ್ತಾರೆ. ಬಿಟ್ಟುಹೋದ ಪಾಠವನ್ನು ಅಂಥವರಿಗೆ ಹೇಳಿಕೊಡುವ ಸಹಪಾಠಿಯೇ ಮನುಷ್ಯದಯೆಯ ಮೊದಲ ದರ್ಜೆಯ ವಿದ್ಯಾರ್ಥಿ.

ಇಷ್ಟು ಚಿಕ್ಕ ಕಾರ್ಯಗಳಿಂದ ಮನಸ್ಸು ಬದಲಾಗುವುದೇ ಎಂದು ಕೆಲವರು ಸಂಶಯಿಸಬಹುದು. ಅವರು 1209ರಲ್ಲಿ ಜನ್ನಕವಿಯು ರಚಿಸಿದ ಯಶೋಧರ ಚರಿತೆಯನ್ನು ಸ್ಮರಿಸಬೇಕು. ಯಶೋಧರ ರಾಜನು ತಾಯಿಯ ಒತ್ತಾಯಕ್ಕೆ ಮಣಿದು ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ರಕ್ತ ಸುರಿಯಲಿಲ್ಲ, ಆದರೆ ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಬೇಕಾಯಿತು. ಕೈಯು ಆಟಕ್ಕೆಂದು ಮಾಡಿದ್ದನ್ನೂ ಮನಸ್ಸು ನಿಜವೆಂದೇ ಬರೆದುಕೊಳ್ಳುತ್ತದೆ. ಹಿಟ್ಟಿನ ಕೋಳಿಯು ಹಿಂಸೆಯನ್ನು ಕಲಿಸಬಲ್ಲುದಾದರೆ ಮಣ್ಣಿನ ಎತ್ತು ದಯೆಯನ್ನೇಕೆ ಕಲಿಸಬಾರದು? ಕಾರಹುಣ್ಣಿಮೆಯಲ್ಲಿ ಎತ್ತುಗಳ ಮೈತೊಳೆದು ಶೃಂಗರಿಸುವ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಕ್ಕಳು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ಸಂಪ್ರದಾಯ ಈ ಸೀಮೆಯಲ್ಲಿ ಇನ್ನೂ ಜೀವಂತವಾಗಿದೆ. ಆ ದಿನ ಶಾಲೆಯಲ್ಲಿಯೇ ಮಣ್ಣೆತ್ತುಗಳನ್ನು ಮಾಡಿಸಿ, ಎತ್ತಿನ ದುಡಿಮೆ, ಅದಕ್ಕೆ ಬೇಕಾದ ನೀರು, ಮೇವು, ವಿಶ್ರಾಂತಿಗಳ ವಿಚಾರವನ್ನು ತಿಳಿಸಿದರೆ ಬೇರೆ ಪಠ್ಯವೇ ಬೇಡ.

ಆದರೆ ಶಾಲೆಯಲ್ಲಿ ಬಿತ್ತಿದ್ದನ್ನು ಮನೆಯೂ ಅಂಗಡಿಯೂ ತುಳಿಯಬಾರದು. ಶ್ರಾವಕರ ಮನೆಯಲ್ಲಿ ನೀರನ್ನು ಬಟ್ಟೆಯಿಂದ ಸೋಸಿ ಕುಡಿಯುವುದು ಆಚಾರ. ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ನೀರಿನಿಂದ ತೊಳೆದು ಅವು ಬಂದ ಬಾವಿಗೋ ಹೊಳೆಗೋ ಮೆಲ್ಲನೆ ಹಿಂದಕ್ಕೆ ಬಿಡಬೇಕೆಂಬುದು ಆ ಆಚಾರದ ಇನ್ನೊಂದು ಭಾಗ. ನಲ್ಲಿಯ ನೀರಿನ ಕಾಲದಲ್ಲಿ ಮೊದಲ ಭಾಗ ಉಳಿದು ಎರಡನೆಯದು ಮರೆತುಹೋಗುತ್ತಿದೆ. ಮೊದಲನೆಯದು ತನ್ನ ಶುದ್ಧಿಗಾಗಿ, ಎರಡನೆಯದು ಇನ್ನೊಂದು ಜೀವದ ಉಳಿವಿಗಾಗಿ. ಕರುಣೆ ಇರುವುದು ಎರಡನೆಯದರಲ್ಲಿ. ಮನೆಯಲ್ಲಿ ನೀರನ್ನು ಸೋಸುವ ತಂದೆಯನ್ನು ನೋಡಿದ ಮಗನು ಅಂಗಡಿಯಲ್ಲಿ ಬಾಯಾರಿದ ಕೂಲಿಯವನನ್ನು ಗದರಿಸುವ ಅದೇ ತಂದೆಯನ್ನು ನೋಡಿದರೆ ಯಾವುದನ್ನು ಕಲಿಯುತ್ತಾನೆ? ಎರಡನ್ನೂ ಕಲಿಯುತ್ತಾನೆ. ಧರ್ಮ ಮನೆಗೆ, ವ್ಯವಹಾರ ಪೇಟೆಗೆ ಎಂದು ಎರಡು ಖಾತೆ ತೆರೆಯುತ್ತಾನೆ. ಹಾಗೆ ಒಡೆದ ಮಗುವಿನ ಮನಸ್ಸನ್ನು ಮುಂದೆ ಯಾವ ಶಾಲೆಯೂ ಕೂಡಿಸಲಾರದು.

ಆದುದರಿಂದ ಈ ಪ್ರತಿಷ್ಠೆಯ ಸ್ಮರಣಾರ್ಥವಾಗಿ ಸಮಾಜವು ಕೆಲವು ಕಾರ್ಯಗಳನ್ನು ಕೈಗೊಳ್ಳಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಊರುಗಳಲ್ಲಿ ತಲಾ ಒಂದು ಶಾಲೆಯ ಮುಂದೆ ದನಗಳಿಗೆ ನೀರಿನ ತೊಟ್ಟಿಯನ್ನು ಕಟ್ಟಿಸಿ, ಅದನ್ನು ತುಂಬಿಸುವ ಸರದಿಯನ್ನು ಮಕ್ಕಳಿಗೆ ಒಪ್ಪಿಸುವುದು. ಐದು ಅತಿಚಾರಗಳಿಗೆ ಐದು ಅಂಕಣಗಳುಳ್ಳ ಒಂದು ಪುಸ್ತಕವನ್ನು ಪ್ರತಿ ಶಾಲೆಗೂ ಕೊಡುವುದು. ಮಗು ಕಂಡದ್ದನ್ನೂ ಸರಿಪಡಿಸಿದ್ದನ್ನೂ ಅದರಲ್ಲಿ ಬರೆಯಲಿ, ಅಂಕ ಹಾಕುವುದು ಬೇಡ. ವರ್ಷಕ್ಕೊಮ್ಮೆ ಮಕ್ಕಳನ್ನು ಮಸ್ಕಿಯ ಬಂಡೆಯ ಬಳಿಗೆ ಕರೆದೊಯ್ದು ಅಲ್ಲಿಯೇ ಅದರ ಅರ್ಥವನ್ನು ಹೇಳುವುದು. ಕೊಯ್ಲಿನ ಕಾಲದಲ್ಲಿ ಸಿಂಧನೂರಿನ ರೈತರಿಂದ ಹುಲ್ಲನ್ನು ಕೊಂಡು ಮೇವಿಲ್ಲದ ಹಳ್ಳಿಗಳಿಗೆ ಸಾಗಿಸುವುದು. ಲಾರಿಗಳೂ ಗೋದಾಮುಗಳೂ ಲೆಕ್ಕಪತ್ರವೂ ಬಲ್ಲ ಸಮಾಜಕ್ಕೆ ಇದು ಅಸಾಧ್ಯವಲ್ಲ. ಬಸದಿಯ ವಾರ್ಷಿಕೋತ್ಸವದಂದು ಆ ಪುಸ್ತಕಗಳನ್ನು ಓದಿಸಿ ಕೇಳಿದರೆ ಅದಕ್ಕಿಂತ ಹಿರಿದಾದ ಪ್ರವಚನವಿರದು.

ಯಶೋಧರ ಚರಿತೆಯ ಆರಂಭದಲ್ಲಿ ಮಾರಿದತ್ತನೆಂಬ ಅರಸನು ಚಂಡಮಾರಿಯ ಗುಡಿಯಲ್ಲಿ ಬಲಿಗಾಗಿ ಕತ್ತಿ ಹಿಡಿದು ನಿಂತಿದ್ದಾನೆ. ಅವನೆದುರಿಗೆ ಎಳೆಯ ವಯಸ್ಸಿನ ಅಣ್ಣ ತಂಗಿಯರನ್ನು ತಂದು ನಿಲ್ಲಿಸುತ್ತಾರೆ. ಅವರು ಅಳುವುದಿಲ್ಲ, ಬೇಡುವುದಿಲ್ಲ. ತಮ್ಮ ಭವಾಂತರಗಳ ಕಥೆಯನ್ನು ಹೇಳುತ್ತಾರೆ. ಕಥೆ ಮುಗಿಯುವ ವೇಳೆಗೆ ಅರಸನ ಮನಸ್ಸು ಪರಿವರ್ತನೆಯಾಗಿ ಅವನು ಹಿಂಸೆಯನ್ನು ತೊರೆಯುತ್ತಾನೆ. ಆ ಮಕ್ಕಳ ಹೆಸರು ಅಭಯರುಚಿ ಮತ್ತು ಅಭಯಮತಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅಭಯವು ಶ್ರೇಷ್ಠವೆಂದು ಹಿರಿಯರು ಹೇಳಿರುವುದು ಸುಮ್ಮನಲ್ಲ. ದಯೆಯನ್ನು ಹಿರಿಯರು ಮಕ್ಕಳಿಗೆ ಕಲಿಸುತ್ತಾರೆಂದು ತಿಳಿಯುವುದು ಅರ್ಧಸತ್ಯ. ಕಲಿತ ಮಗು ಒಂದು ಸಂಜೆ ಅಂಗಡಿಯ ಗದ್ದಿಗೆಯ ಮುಂದೆ ಬಂದು ನಿಂತು ಪ್ರಶ್ನೆ ಕೇಳುತ್ತದೆ. ಆಗ ಕೈಯಲ್ಲಿರುವ ಕತ್ತಿಯನ್ನು ಇಳಿಸುವ ವಿವೇಕವನ್ನು ಶ್ರೀ ಜಿನೇಶ್ವರನು ಹಿರಿಯರೆಲ್ಲರಿಗೂ ಕರುಣಿಸಲಿ.

ಸರ್ವಜೀವಿಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.